ಬಂಗಾರದ ಬಾಯಿಯವನೂ ಗದರಿದ್ದ

ಪ್ರೀತಿಯ ಗೆಳೆಯಾ,

ಕಾಗದ ಸಿಕ್ಕಿತು. ಭಾನುವಾರ ಚರ್ಚಿನಲ್ಲಿ ನೀನು ಪ್ರಸಂಗ ಮಾಡುವಾಗ ಹಿಂದಿನ ಬೆಂಚಿನವರು ಮೊಬೈಲ್ ನೋಡುತ್ತಾ ಕೂತಿದ್ದರಂತೆ. ಅಷ್ಟಕ್ಕೇ ಸಭಾಪಾಲಕನ ಕೆಲಸವೇ ಸಾಕು ಅಂತೀಯಲ್ಲ!

ಅಂತಿಯೋಕ್ಯ ಊರಿನ ಯೋಹಾನ ಗೊತ್ತಲ್ವಾ, ನಾಲ್ಕನೇ ಶತಮಾನದ ಪ್ರಸಂಗಗಾರ? ಕ್ರಿಸೋಸ್ತೊಮ್, ಅಂದರೆ ಬಂಗಾರದ ಬಾಯಿಯವನು. ಅವನ ಪಾಡೂ ಇದೇ. ಒಂದು ಸಂಜೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೇಲೆ ಮಾತಾಡುತ್ತಿದ್ದ. ಯಾರೋ ಬಂದು ದೀಪ ಹಚ್ಚತೊಡಗಿದರು. ಕೂತವರೆಲ್ಲ ಅತ್ತ ತಿರುಗಿದರು. ನಾನು ವಾಕ್ಯ ವಿವರಿಸುತ್ತಿದ್ದರೆ ನೀವು ದೀಪ ಹಚ್ಚುವವನನ್ನು ನೋಡ್ತೀರಲ್ಲ, ನಾನೂ ಇಲ್ಲಿ ದೀಪವನ್ನೇ ಹಚ್ಚುತ್ತಿದ್ದೇನೆ ಅಂತ ಅಲ್ಲೇ ಗದರಿದ. ಗದರಿದ್ದೂ ಪ್ರಸಂಗದೊಳಗೇ ಸೇರಿಹೋಯಿತು.

387ರಲ್ಲಿ ಆ ಊರಿಗೆ ಹೊಸ ತೆರಿಗೆ ಬಿತ್ತು. ಸಿಟ್ಟಿಗೆದ್ದ ಜನ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್‌ನ, ಅವನ ಮನೆಯವರ ಪ್ರತಿಮೆಗಳನ್ನು ಉರುಳಿಸಿದರು. ಆಮೇಲೆ ಶುರುವಾಯಿತು ನಡುಕ. ಮುದಿ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ. ಪಾದ್ರಿಯಾಗಿ ವರ್ಷವಷ್ಟೇ ಆಗಿದ್ದ ಯೋಹಾನ ಈಸ್ಟರ್ ಮುಂಚಿನ ಉಪವಾಸದ ದಿನಗಳು, ಅಂದರೆ ಲೆಂಟ್ ಪೂರ್ತಿ, ಹೆದರಿದ ಜನರ ಮುಂದೆ ನಿಂತ. ಧೈರ್ಯ ಹೇಳಿದ. ಜೊತೆಗೆ, ಮಾತುಮಾತಿಗೂ ಆಣೆ ಇಡಬೇಡಿ ಅಂತ ಮತ್ತೆ ಮತ್ತೆ ಕಾಡಿದ. ಊರೇ ಉಳಿಯುತ್ತೋ ಇಲ್ಲವೋ, ಇವನಿಗೆ ಆಣೆಯ ಚಿಂತೆ! ಕೊನೆಗೆ ಕ್ಷಮೆ ಸಿಕ್ಕಿತು.

ಅವನದೆಲ್ಲ ಬಂಗಾರ ಅಂತ ನಾನು ಹೇಳಲಾರೆ. ಯೆಹೂದ್ಯರ ವಿರುದ್ಧ ಅವನಾಡಿದ ಮಾತುಗಳನ್ನು ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ಮುಂದೆ ರಾಜಧಾನಿಯ ಬಿಷಪ್ ಆದ, ಅರಮನೆಯನ್ನು ಎದುರು ಹಾಕಿಕೊಂಡ, 404ರಲ್ಲಿ ಗಡೀಪಾರಾದ. ಅಲ್ಲಿಂದ ಒಲಿಂಪಿಯಾಸ್ ಎಂಬ ಸಭಾಸೇವಕಿಗೆ ಬರೆದ 17 ಕಾಗದಗಳು ಉಳಿದಿವೆ. ಆಕೆಗೆ ಸಮಾಧಾನ ಹೇಳುತ್ತಲೇ ತನ್ನ ಚಳಿ, ತಲೆನೋವು, ವಾಂತಿ ಅಂತಲೂ ತೋಡಿಕೊಳ್ಳುತ್ತಾನೆ.

ನನಗೆ ಜಾಸ್ತಿ ನಗು ಬರುವುದು ಅವನ ಹುಡುಗಾಟದ ಮೋಸಕ್ಕೆ. ಪಾದ್ರಿ ಕೆಲಸದ ಬಗ್ಗೆ ಬರೆದ ಪುಸ್ತಕದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಗೆಳೆಯ ಬೆಸಿಲ್‌ಗೆ ಇಬ್ಬರೂ ಒಟ್ಟಿಗೆ ದೀಕ್ಷೆ ಪಡೆಯುತ್ತೇವೆ ಅಂತ ನಂಬಿಸಿ, ಹೊತ್ತಿಗೆ ಸರಿಯಾಗಿ ತಾನು ಅಡಗಿಕೊಂಡ! ನಿನ್ನನ್ನು ಪಾದ್ರಿಗಳ ಸೆಮಿನರಿಗೆ ತಳ್ಳಿ ನಾನು ಬ್ಯಾಂಕಿಗೆ ಸೇರಿದೆನಲ್ಲ, ಹಾಗೆ. ಪುಸ್ತಕದ ಕೊನೆಗೆ ಬೆಸಿಲ್ ಅಳುತ್ತಾನೆ. ಚಿಂತೆಯಿಂದ ನಿನಗೆ ಸ್ವಲ್ಪ ಬಿಡುವು ಸಿಕ್ಕಾಗೆಲ್ಲ ನಾನು ಜೊತೆಗಿದ್ದು ಸಮಾಧಾನ ಹೇಳುತ್ತೇನೆ ಅನ್ನುತ್ತಾನೆ ಯೋಹಾನ.

ಸೋಮವಾರ ನಿನಗೆ ರಜೆ ತಾನೇ? ಸುಮ್ನೆ ಬಸ್ ಹತ್ತು. ಮೀನು ತಂದಿಟ್ಟಿರುತ್ತೇನೆ.

ನಿನ್ನ,
ಬ್ಯಾಂಕಿನವನು