ಸೆನ್ಸರ್ ಕೂಡಿಸಿದರೆ ಮುಗಿಯಲಿಲ್ಲ

ಮಾನ್ಯರೇ,

ಮಕ್ಕಳು ಬೆಂಗಳೂರು, ಪುಣೆ ಸೇರಿ, ವಯಸ್ಸಾದವರಷ್ಟೇ ಉಳಿದ ಮನೆಗಳು ಹುಬ್ಬಳ್ಳಿ-ಧಾರವಾಡದಲ್ಲಿ ಸಾಕಷ್ಟಿವೆ. ಅವರು ಬಿದ್ದರೆ, ಏನಾದರೂ ಆದರೆ ತಿಳಿಯಲು ಅಲ್ಲಿಗೆ ಕ್ಯಾಮೆರಾಗಿಂತ ಪಿಐಆರ್ ಸೆನ್ಸರ್ (ಮೈಶಾಖದಿಂದ ಚಲನೆ ಗುರುತಿಸುವ ಸಾಧನ), ಬಾಗಿಲಿಗೆ ಅದು ತೆರೆದದ್ದು-ಮುಚ್ಚಿದ್ದು ತಿಳಿಸುವ ಮ್ಯಾಗ್ನೆಟ್ ಸ್ವಿಚ್ ವಾಸಿ. ಬಚ್ಚಲಿಗೂ ಮುಜುಗರವಿಲ್ಲದೆ ಹಾಕಬಹುದು.

ಇವುಗಳ ಸಂಕೇತದಿಂದ ಅಪಾಯ ಗುರುತಿಸಲು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಅನುಕರಿಸುವ ‘ನೆಗೆಟಿವ್ ಸೆಲೆಕ್ಷನ್’ ವಿಧಾನ ಒಳ್ಳೆಯದು. ಸ್ವಂತ ಜೀವಕೋಶಗಳ ಮೇಲೆರಗುವ ಟಿ-ಕೋಶಗಳನ್ನು (ರೋಗಾಣುಗಳೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಥೈಮಸ್ ಗ್ರಂಥಿ ತೆಗೆದುಹಾಕುತ್ತದೆ. ಹಾಗೆಯೇ ಮನೆಯ ನಿತ್ಯದ ಓಡಾಟಕ್ಕೆ ಹೊಂದುವ ಶೋಧಕಗಳನ್ನು (ಸೆನ್ಸರ್ ಅಲ್ಲ, ಸಂಕೇತಗಳನ್ನು ಹೋಲಿಸಿ ನೋಡಲು ಪ್ರೋಗ್ರಾಂ ತಾನೇ ಮಾಡಿಕೊಳ್ಳುವ ಮಾದರಿಗಳು) ಪ್ರೋಗ್ರಾಂ ಅಳಿಸುತ್ತದೆ. ಉಳಿದವು ರೂಢಿ ತಪ್ಪಿದಾಗ ಮಾತ್ರ ಎಚ್ಚರಿಸುತ್ತವೆ. ಬಿದ್ದ ಘಟನೆಗಳ ದಾಖಲೆ ಮೊದಲೇ ಬೇಕಿಲ್ಲ, ಇದೇ ದೊಡ್ಡ ಅನುಕೂಲ. (ಅಂಥ ದಾಖಲೆಗಾಗಿ ಅಜ್ಜ-ಅಜ್ಜಿಯರನ್ನು ಬೀಳಿಸಲಾದೀತೆ?)

ತೊಡಕು ತರಬೇತಿಯಲ್ಲಿ, ಅಂದರೆ ಮನೆಯ ನಿತ್ಯದ ಓಡಾಟವನ್ನು ಪ್ರೋಗ್ರಾಂಗೆ ಕಲಿಸುವುದರಲ್ಲಿದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದಾಗಿನ ಗದ್ದಲವೂ ಸೇರಿಬಿಟ್ಟರೆ ‘ಸಹಜ’ದ ವ್ಯಾಪ್ತಿ ಹಿಗ್ಗಿ, ನಿಜವಾದ ಅಪಾಯ ತಪ್ಪಿಸಿಕೊಳ್ಳುತ್ತದೆ. ಆ ದಿನಗಳನ್ನು ಕೈಬಿಡಿ. ಪಿಐಆರ್ ನೋಡುವುದು ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ಅಂತರವನ್ನು. ಏಪ್ರಿಲ್‌ನಲ್ಲಿ ಕೋಣೆ 34–35 ಡಿಗ್ರಿ ತಲುಪಿದರೆ ಎದುರಿಗೇ ನಡೆದರೂ ಅದಕ್ಕೆ ಕಾಣದೆ ಇರಬಹುದು. ಆದ್ದರಿಂದ ಡಿಸೆಂಬರ್‌ನ ತರಬೇತಿ ಬೇಸಿಗೆಗೆ ಸಾಲದು. ಸೆನ್ಸರನ್ನು ಸುಮಾರು 2 ಮೀಟರ್ ಎತ್ತರದಲ್ಲಿ, ಜನ ಅದರ ಮುಂದೆ ಅಡ್ಡ ಹಾಯುವಂತೆ ಕೂಡಿಸಿ. ಬಿಸಿಲು ಬೀಳುವ ಕಿಟಕಿಯತ್ತ ಮುಖ ಬೇಡ.

ಕರೆಂಟ್ ಹೋದರೆ, ಸೆನ್ಸರುಗಳ ಸಂಕೇತ ಒಟ್ಟುಗೂಡಿಸುವ ಹಬ್ ಸತ್ತು, ‘ಚಲನೆ ಇಲ್ಲ’ ಎಂದೇ ದಾಖಲಾಗಬಹುದು. ಹಬ್‌ಗೆ ಬ್ಯಾಟರಿ ಇದೆಯೇ, ಐದೈದು ನಿಮಿಷಕ್ಕೆ ‘ಜೀವಂತವಿದ್ದೇನೆ’ ಸಂಕೇತ ಕಳಿಸುತ್ತದೆಯೇ, ಕೊಳ್ಳುವ ಮೊದಲು ಕೇಳಿ.

– ಓದುಗರು, ವಿದ್ಯಾನಗರ, ಹುಬ್ಬಳ್ಳಿ