ಬಾಣಂತಿ ಸನ್ನಿಯ ವಿಚಾರವಾಗಿ ನಿನಗೆ

ಪ್ರೀತಿಯ ಮಗಳಿಗೆ ಪೆರ್ಲದಿಂದ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ತಲುಪಿತು. ಸೀಮಂತದ ವಿಷಯ, ಹೊಸ ಬಾಡಿಗೆ ಮನೆಯ ವಿಷಯ ಎಲ್ಲವನ್ನೂ ಓದಿ ಸಂತೋಷಪಟ್ಟೆನಾದರೂ, ಕೊನೆಯ ಪುಟದ ಅಂಚಿನಲ್ಲಿ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರದಲ್ಲಿ ನೀನು ಸೇರಿಸಿದ ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. “ಅಜ್ಜಿಗೆ ಬಾಣಂತಿ ಸನ್ನಿ ಹಿಡಿದಿತ್ತಂತೆ. ನನಗೂ ಹಾಗಾದೀತೆ ದೊಡ್ಡಮ್ಮ? ಅಮ್ಮನ ಹತ್ತಿರ ಕೇಳಲು ಧೈರ್ಯವಾಗಲಿಲ್ಲ.” ಊಟದ ಪಂಕ್ತಿಯಲ್ಲಿ ಇದನ್ನು ನಿನ್ನ ಕಿವಿಗೆ ಹಾಕಿದವರು ಯಾರೆಂದು ನಾನು ಊಹಿಸಬಲ್ಲೆ, ಅದು ಬಿಡು. ಮಾತು ಸುಳ್ಳಲ್ಲ. ಅರವತ್ತು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡವಳು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಕೊಡಬೇಕು.

1961ರ ಆಟಿ ತಿಂಗಳು. ನಿನ್ನ ಅಮ್ಮ ಹುಟ್ಟಿ ಐದು ದಿನವಾಗಿತ್ತು, ನನಗೆ ಹನ್ನೊಂದು ವರ್ಷ. ಮಳೆ ಬಿಡದೆ ಹೊಯ್ಯುತ್ತಿದ್ದುದರಿಂದ ಮಗುವಿನ ಬಟ್ಟೆಗಳನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದರು. ನಡುರಾತ್ರಿ ನನಗೆ ಎಚ್ಚರವಾದಾಗ ನನ್ನ ಅಮ್ಮ, ಎಂದರೆ ನಿನ್ನ ಅಜ್ಜಿ, ಆ ಬುಟ್ಟಿಯ ಪಕ್ಕದಲ್ಲಿ ಕುಳಿತು, ಹಳೆಯ ಸೀರೆಯ ಒಂದು ತುಂಡನ್ನು ನಾಲ್ಕು ಮಡಿಕೆ ಮಾಡಿ, ಬಿಡಿಸಿ, ಕೊಡವಿ, ಮತ್ತೆ ಮಡಚುತ್ತಿದ್ದಳು. ಬೆಳಗಾಗುವವರೆಗೂ ಅದೊಂದೇ ತುಂಡು. ಮರುದಿನ ಮಗುವನ್ನು ನನ್ನ ಕೈಗಿತ್ತು, “ಇದು ನಮ್ಮದಲ್ಲ, ಬದಲಾಯಿಸಿಟ್ಟಿದ್ದಾರೆ, ಅವರ ಮನೆಗೆ ಕೊಟ್ಟು ಬಾ” ಎಂದಳು, ಪಕ್ಕದ ಮನೆಗೆ ಮಜ್ಜಿಗೆ ಕೊಟ್ಟು ಬಾ ಎನ್ನುವಾಗಿನ ಧ್ವನಿಯಲ್ಲೇ. ಯಾರ ಮನೆಗೆಂದು ತಿಳಿಯದೆ ನಾನು ಹಟ್ಟಿಗೆ ಹೋಗಿ, ಬೈಹುಲ್ಲಿನ ಮೇಲೆ ನಿನ್ನ ಅಮ್ಮನನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕುಳಿತಿದ್ದೆ. ಅಪ್ಪ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು, ಹನ್ನೆರಡು ದಿನ ಹಾಗೆಯೇ ಕಳೆಯಿತು. ಕೊನೆಗೆ ನನ್ನ ಸೋದರಮಾವ ಹಠ ಹಿಡಿದು ಕುಂಬಳೆಯಲ್ಲಿ ರೈಲು ಹತ್ತಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ತಿಂಗಳ ಮೇಲೆ ಅಮ್ಮ ಮನೆಗೆ ಬಂದಾಗ ಮೊದಲಿನ ಅಮ್ಮನೇ ಆಗಿದ್ದಳು. ಎಂಬತ್ತೊಂದು ವರ್ಷ ಬದುಕಿದಳು, ಆ ಕಾಯಿಲೆ ಮತ್ತೆ ಬರಲಿಲ್ಲ. ನೀನು ಕಂಡ ಅಜ್ಜಿ ಅವಳೇ.

ನಿನಗೂ ಹಾಗಾದೀತೆ ಎಂಬುದಕ್ಕೆ ಬರುತ್ತೇನೆ. ಈ ಪ್ರಶ್ನೆಯನ್ನು ನನಗೆ ಪರಿಚಯದ ಡಾಕ್ಟರೊಬ್ಬರ ಮುಂದೆ ನಿನ್ನೆ ಇಟ್ಟೆ. ಅವರು ಮೊದಲು ಕೇಳಿದ್ದು, “ನಿಮ್ಮ ತಾಯಿಗೆ ಆಗ ಜ್ವರವಿತ್ತೆ?” ಎಂದು. ಇತ್ತು. ಮೈ ಸುಡುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಹಳಬರು ಹೆರಿಗೆಯ ನಂಜಿನಿಂದ ಜ್ವರವೇರಿ ಬಡಬಡಿಸುವುದಕ್ಕೂ ಸನ್ನಿ ಎನ್ನುತ್ತಿದ್ದರು, ಜ್ವರವಿಲ್ಲದೆ ಮನಸ್ಸು ಕದಡುವುದಕ್ಕೂ ಅದೇ ಹೆಸರು. ಮೊದಲನೆಯದು ಸೋಂಕು, ಅದಕ್ಕೂ ವಂಶಕ್ಕೂ ಸಂಬಂಧವಿಲ್ಲ. ಎರಡನೆಯದರಲ್ಲಿ ವಂಶದ ಪಾಲು ಖಂಡಿತ ಇದೆ. ಅಮ್ಮನದು ಯಾವುದೆಂದು ಈಗ ಹೇಳಬಲ್ಲ ಕಾಗದಪತ್ರ ಯಾವುದೂ ಉಳಿದಿಲ್ಲ. ಜ್ವರವೇ ಕಾರಣವೆಂದು ಬರೆದು ನಿನ್ನನ್ನು ಸಮಾಧಾನಪಡಿಸಬಹುದಿತ್ತು. ಆದರೆ ಆ ಮಡಿಕೆ ಹಾಕುತ್ತಿದ್ದ ಕೈಗಳನ್ನು ನೆನೆದರೆ ನನಗೆ ಹಾಗೆ ಬರೆಯಲಾಗುವುದಿಲ್ಲ.

ಆದ್ದರಿಂದ ಕೆಟ್ಟದ್ದನ್ನೇ ಹಿಡಿದು ಲೆಕ್ಕ ಹಾಕೋಣ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ತಾಯಿಗೋ ಒಡಹುಟ್ಟಿದವಳಿಗೋ ಬಂದಿದ್ದು, ತನಗೆ ಮೊದಲು ಯಾವ ಮನೋರೋಗವೂ ಇಲ್ಲದಿದ್ದರೆ, ಅಂಥವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಬರಬಹುದಂತೆ. ಆ ಲೆಕ್ಕ ನಿನ್ನದಲ್ಲ ಮಗೂ, ನನ್ನದು ಮತ್ತು ನಿನ್ನ ಅಮ್ಮನದು. ನಮ್ಮಿಬ್ಬರದು ಸೇರಿ ಐದು ಹೆರಿಗೆಯಾಯಿತು, ಐದೂ ಸುಖವಾಗಿಯೇ ಕಳೆಯಿತು. ನೀನು ಇನ್ನೂ ಒಂದು ತಲೆಮಾರು ಆಚೆಗಿದ್ದೀಯೆ. ಅಜ್ಜಿಯಿಂದ ನಿನಗೆ ಬಂದ ಪಾಲು ಕಾಲು ಭಾಗ ಮಾತ್ರ. ಹೆಚ್ಚು ಅಪಾಯವಿರುವುದು ಉನ್ಮಾದವೂ ಖಿನ್ನತೆಯೂ ಸರದಿಯಾಗಿ ಬರುವ ಬೈಪೋಲಾರ್ ಎಂಬ ಕಾಯಿಲೆ ಮೊದಲೇ ಇದ್ದವರಿಗೆ, ಅಂಥವರಲ್ಲಿ ಐವರಲ್ಲಿ ಒಬ್ಬರಿಗಾದರೂ ಹೀಗಾಗುತ್ತದಂತೆ. ನಿನಗೆ ಅದಿಲ್ಲ. ನನ್ನ ಅಪ್ಪನ ಚಿಕ್ಕಪ್ಪನೊಬ್ಬರು ಕೆಲವು ತಿಂಗಳು ನಿದ್ದೆಯಿಲ್ಲದೆ ತೋಟದಲ್ಲಿ ಕೆರೆ ತೋಡಿಸುತ್ತ, ಕೆಲವು ತಿಂಗಳು ಚಾಪೆ ಬಿಟ್ಟು ಏಳದೆ, ಕೊನೆಗೆ ಮನೆ ಬಿಟ್ಟು ಹೋದರೆಂದು ಕೇಳಿದ್ದೇನೆ. ಅದು ಏನಾಗಿತ್ತೋ! ಇದನ್ನು ಬರೆಯಬಾರದೆಂದು ಎರಡು ಸಲ ಪೆನ್ನು ಕೆಳಗಿಟ್ಟೆ. ನಿನ್ನ ಡಾಕ್ಟರಿಗೆ ಅಜ್ಜಿಯ ವಿಷಯದೊಂದಿಗೆ ಇದನ್ನೂ ಹೇಳು.

ಹೇಳದಿದ್ದರೆ ಏನಾಗುತ್ತದೆಂದು ನನ್ನ ಅನುಭವದಿಂದಲೇ ಗೊತ್ತು. 1974ರಲ್ಲಿ ನನ್ನ ಮೊದಲ ಬಾಣಂತನದ ಹೊತ್ತಿಗೆ ನಿನ್ನ ಈ ಭಯವೇ ನನಗೂ ಹಿಡಿದಿತ್ತು, ಆದರೆ ನಿನ್ನ ಹಾಗೆ ಯಾರಿಗಾದರೂ ಒಂದು ಸಾಲು ಬರೆಯುವಷ್ಟು ಬುದ್ಧಿ ನನಗಿರಲಿಲ್ಲ. ನಿನ್ನ ದೊಡ್ಡಪ್ಪನಿಗೂ ಹೇಳಲಿಲ್ಲ, ಸಂಬಂಧ ಕೂಡುವಾಗ ಮುಚ್ಚಿಟ್ಟಿದ್ದನ್ನು ಆಮೇಲೆ ಯಾವ ಬಾಯಿಂದ ಹೇಳುವುದು? ರಾತ್ರಿಯಿಡೀ ಕಣ್ಣು ಮುಚ್ಚಿಕೊಂಡು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ತಪ್ಪಿಲ್ಲದೆ ನೂರ ಎಪ್ಪತ್ತಕ್ಕೆ ಮುಟ್ಟಿದರೆ ನನ್ನ ತಲೆ ಸರಿಯಿದೆ ಎಂದರ್ಥ. ನೂರ ಮೂವತ್ತಾರರಲ್ಲಿ ಎಡವಿದರೆ ಎದೆ ಹೊಡೆದುಕೊಂಡು ಮೊದಲಿನಿಂದ ಆರಂಭ. ಹದಿನಾಲ್ಕು ರಾತ್ರಿ ಹೀಗೆ ನನ್ನ ನಿದ್ದೆಯನ್ನು ನಾನೇ ಹಾಳುಮಾಡಿಕೊಂಡೆ. ನಿದ್ದೆಗೆಡುವುದೇ ಈ ಕಾಯಿಲೆಯನ್ನು ಎಬ್ಬಿಸಬಲ್ಲ ಕಾರಣಗಳಲ್ಲೊಂದು ಎಂದು ಡಾಕ್ಟರು ನಿನ್ನೆ ಹೇಳಿದಾಗ ನನಗೆ ನಗುವೂ ಬಂತು, ಅಳುವೂ ಬಂತು.

ನಾನು ಬುದ್ಧಿ ಹೇಳುವ ಯೋಗ್ಯತೆ ಉಳ್ಳವಳಲ್ಲ. ಆದರೂ ಒಂದೆರಡು ಮಾತು. ಹೆತ್ತ ಮೂರನೆಯ ದಿನದಿಂದ ಹತ್ತನೆಯ ದಿನದ ಒಳಗೆ ಕಾರಣವಿಲ್ಲದೆ ಅಳು ಬಂದರೆ ಬೆದರಬೇಡ. ಅದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ಮಗು ಮಲಗಿದ್ದರೂ ನಿನಗೆ ನಿದ್ದೆ ಬಾರದೆ, ದಣಿವೂ ತೋರದೆ, ಮಾತಿಗೆ ಓಟ ಬಂದು, ಯಾರ ಮೇಲೋ ಇಲ್ಲದ ಗುಮಾನಿ ಹುಟ್ಟಿದರೆ ಅದು ಬೇರೆ. ಆಗ ಮರುದಿನಕ್ಕೆ ಕಾಯಬಾರದು. ಇದನ್ನು ನಿನಗಿಂತ ಹೆಚ್ಚಾಗಿ ಅಳಿಯನಿಗೆ ಹೇಳಬೇಕಾಗಿದೆ, ಏಕೆಂದರೆ ಆ ಹೊತ್ತಿಗೆ ತನಗೆ ಏನೋ ಆಗಿದೆಯೆಂದು ಬಾಣಂತಿಗೇ ತಿಳಿಯುವುದಿಲ್ಲ. ಈ ಕಾಗದವನ್ನು ಅವನಿಗೆ ಕೊಡು. ನಿಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗ 2009ರಿಂದ ಇದೆಯಂತೆ. ಅಮ್ಮನಿಗೆ ಹಾಗಿರಲಿಲ್ಲ. ಅವಳು ಮಂಗಳೂರಿನಲ್ಲಿದ್ದ ಮೂರು ತಿಂಗಳೂ ನಿನ್ನ ಅಮ್ಮ ಇಲ್ಲಿ ದನದ ಹಾಲಿಗೆ ನೀರು ಬೆರೆಸಿ ಕುಡಿದು ಬೆಳೆದವಳು. ಬಂದ ದಿನ ಅಮ್ಮನ ಕೈಗೆ ಮಗುವನ್ನು ಕೊಡಲು ಅಜ್ಜಿಯಂದಿರು ಹೆದರಿದರು, ತೆಗೆದುಕೊಳ್ಳಲು ಅಮ್ಮ ಹೆದರಿದಳು.

ಇನ್ನೊಂದು ಹೇಳಬೇಕು. 1993ರಲ್ಲಿ ನೀನು ಹುಟ್ಟಿದಾಗ, ಅಡಿಕೆ ಹಾಳೆಯಲ್ಲಿ ಮಲಗಿಸಿ ಎಣ್ಣೆ ಹಚ್ಚಿ ನಿನ್ನನ್ನು ಮೀಯಿಸುತ್ತಿದ್ದುದು ಅಮ್ಮನೇ. ಒಂದು ಬೆಳಿಗ್ಗೆ ನಿನ್ನ ಅಂಗಾಲು ಒರೆಸುತ್ತ, ತಲೆಯೆತ್ತದೆ ನನ್ನನ್ನು ಕೇಳಿದಳು, “ಆಗ ನಾನು ಮಗುವಿಗೆ ಏನಾದರೂ ಮಾಡಿದ್ದೆನೆ?” ಮೂವತ್ತೆರಡು ವರ್ಷ ಅವಳು ಅದನ್ನು ಹೊತ್ತುಕೊಂಡಿದ್ದಳು. ನಾನು, “ಏನಿಲ್ಲಮ್ಮ, ಈಗ ಅದೆಲ್ಲ ಯಾಕೆ” ಎಂದು ನೀರು ತರುವ ನೆಪದಲ್ಲಿ ಎದ್ದು ಹೋದೆ. ಏನೂ ಮಾಡಿರಲಿಲ್ಲವೆಂಬುದು ನಿಜವೇ. ಹಟ್ಟಿಯಲ್ಲಿ ಮಗುವನ್ನಿಟ್ಟುಕೊಂಡು ಕುಳಿತವಳು ನಾನು, ನನಗಲ್ಲದೆ ಬೇರೆ ಯಾರಿಗೆ ಗೊತ್ತು? ಪಕ್ಕದಲ್ಲಿ ಕುಳಿತು ಆ ದಿನಗಳನ್ನು ಒಂದೊಂದಾಗಿ ಅವಳಿಗೆ ಹೇಳಬಹುದಿತ್ತು. ಅವಳು ಮತ್ತೆ ಕೇಳಲಿಲ್ಲ.

ನಿನ್ನ ಅಮ್ಮನಿಗೆ ಈ ಭಾನುವಾರ ನಾನೇ ಹೇಳುತ್ತೇನೆ. ಹೆರಿಗೆಯ ದಿನ ಸಮೀಪಿಸಿದಾಗ ಅವಳೊಂದಿಗೆ ನಾನೂ ಹೊರಟು ಬರುತ್ತೇನೆ. ಮಂಡಿ ನೋವೆಂದು ನೀವು ಯಾರೂ ತಡೆಯಬೇಡಿ. ಹಗಲಿನ ಅಡುಗೆ ಮದ್ದು ಅವಳು ನೋಡಿಕೊಳ್ಳಲಿ. ನನಗೆ ಹೇಗೂ ರಾತ್ರಿ ಎರಡು ಗಂಟೆಯ ಮೇಲೆ ನಿದ್ದೆ ಬರುವುದಿಲ್ಲ. ಹಾಲು ಕುಡಿಸಿದ ಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ನೀನು ಮಲಗು.

ನಿನ್ನ
ದೊಡ್ಡಮ್ಮ