ಶಾಲೆ ಮೈದಾನದ ಗೇಟು ಸಂಜೆಯೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಓಟ ಶುರುಮಾಡುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಬೆಳಿಗ್ಗೆ ಬೇಗ ಎದ್ದು ಓಡಿ. ನಾನು ಏಳುವುದು ನಾಲ್ಕೂವರೆಗೆ. ಆದರೆ ಆ ಹೊತ್ತು ನನ್ನದಲ್ಲ. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮಲ್ಲಿಗೆ ತೋಟವಿದೆ, ಹಟ್ಟಿಯಲ್ಲಿ ಎರಡು ದನಗಳಿವೆ. ಹಾಲು ಕರೆದು ಡೈರಿಗೆ ಕಳಿಸಿ ತೋಟಕ್ಕೆ ಇಳಿಯಬೇಕು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು ಆಗಬೇಕು. ಆಮೇಲೆ ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಒಂದು ಚೆಂಡು ಅಂದರೆ 800 ಮೊಗ್ಗಿನ ಮಾಲೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೊತ್ತಿಗೆ ಸರಿಯಾಗಿ ಹೂವಿನ ವ್ಯಾಪಾರ ನಡೆಯುವ ಕಟ್ಟೆಗೆ ಮುಟ್ಟಿಸದಿದ್ದರೆ ಆ ದಿನದ ದುಡಿಮೆ ಹೋಯಿತು.

ಕಾಲೇಜಿನಲ್ಲಿದ್ದಾಗ ನಾನು 800 ಮೀಟರ್ ಓಡುತ್ತಿದ್ದೆ. ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಲ್ಲಿ ಎರಡನೇ ಸುತ್ತಿನ ಕೊನೆಯ ತಿರುವಿಗೆ ಬಂದಾಗ ಎದೆ ಉರಿಯುತ್ತಿದ್ದದ್ದು ಈಗಲೂ ನೆನಪಿದೆ. ಮದುವೆ, ಮಕ್ಕಳು, ತೋಟ ಅಂತ ಹತ್ತೊಂಬತ್ತು ವರ್ಷ ಓಡಲೇ ಇಲ್ಲ. ಕಳೆದ ದೀಪಾವಳಿ ಮುಗಿದ ಮೇಲೆ ಮತ್ತೆ ಶುರುಮಾಡಿದೆ.

ತೋಟದ ಕೆಲಸವೇ ವ್ಯಾಯಾಮ ಅಲ್ವಾ ಎಂದು ತುಂಬಾ ಜನ ಕೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಬಗ್ಗಿ ಕೊಯ್ದರೆ ಸೊಂಟ ದಣಿಯುತ್ತದೆ. ಚಕ್ಕಳಮಕ್ಕಳ ಕೂತು ಗಂಟೆಗಟ್ಟಲೆ ಹೂ ಕಟ್ಟಿದರೆ ಮಂಡಿ ಹಿಡಿಯುತ್ತದೆ. ಆದರೆ ಉಸಿರಿಗೆ ಕೆಲಸವೇ ಇರುವುದಿಲ್ಲ. ಮೊದಲ ಸಂಜೆ ಮೂರು ಕರೆಂಟ್ ಕಂಬ ದಾಟುವಷ್ಟರಲ್ಲಿ ಏದುಸಿರು ಬಂತು. ಹಾಗಾಗಿ ಕಂಬಗಳನ್ನೇ ಲೆಕ್ಕಕ್ಕೆ ಇಟ್ಟುಕೊಂಡೆ. ಎರಡು ಕಂಬ ನಡೆಯುವುದು, ಒಂದು ಕಂಬ ಓಡುವುದು. ತಿಂಗಳು ಕಳೆದ ಮೇಲೆ ಎರಡು ಕಂಬ ಓಟ, ಒಂದು ಕಂಬ ನಡಿಗೆ. ಈಗ ನಿಲ್ಲದೆ ಇಪ್ಪತ್ತು ನಿಮಿಷ ಓಡುತ್ತೇನೆ. ಬೇಸಿಗೆಯಲ್ಲಿ ಮೊಗ್ಗು ರಾಶಿ ಬಿದ್ದ ದಿನ ಓಟ ಬಿಡಬೇಕಾಗುತ್ತದೆ. ಮೊದಮೊದಲು ಅದಕ್ಕೆ ತುಂಬಾ ಬೇಜಾರಾಗುತ್ತಿತ್ತು. ಈಗ ವಾರಕ್ಕೆ ಮೂರು ದಿನ ಸಿಕ್ಕಿದರೂ ಖುಷಿ.

ನನಗೆ ಬಿಡುವು ಸಿಗುವುದು ಸಂಜೆ ಹಾಲು ಕೊಟ್ಟು ಬಂದ ಮೇಲೆ, ಆರೂವರೆಗೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಕತ್ತಲಾಗಿರುತ್ತದೆ. ನಮ್ಮ ರಸ್ತೆ ಅಗಲ ಇಲ್ಲ, ಕಂಬ ಇದ್ದರೂ ಎಲ್ಲದರಲ್ಲೂ ದೀಪ ಇಲ್ಲ. ಒಂದು ಸಂಜೆ ಹಿಂದಿನಿಂದ ಬಂದ ಬೈಕಿನ ಹ್ಯಾಂಡಲ್ ಮೊಣಕೈಗೆ ತಾಗಿ, ಚೂಡಿದಾರದ ತೋಳು ಹರಿದುಹೋಯಿತು. ಬೈಕಿನವರು ನಿಲ್ಲಿಸಲೂ ಇಲ್ಲ. ಮಳೆಗಾಲದಲ್ಲಿ ಹೂ ಕಡಿಮೆ, ಬಿಡುವು ಜಾಸ್ತಿ. ಆಗ ರಸ್ತೆಯಂಚಿನಲ್ಲಿ ಪಾಚಿ, ಕಾಲಿಡಲು ಹೆದರಿಕೆ.

ಈ ರಸ್ತೆಯ ಪಕ್ಕದಲ್ಲೇ ಶಾಲೆಯ ಮೈದಾನವಿದೆ. ಒಳ್ಳೆಯ ಮಣ್ಣಿನ ನೆಲ. ಐದು ಗಂಟೆಗೆ ಅದರ ಗೇಟಿಗೆ ಬೀಗ ಬೀಳುತ್ತದೆ. ಸಂಜೆ ತೆರೆದಿಡಿ ಎಂದು ಶಾಲೆಯವರನ್ನು ಎರಡು ಸಲ ಕೇಳಿದೆ. ನೋಡೋಣ ಎಂದರು. ಮೈದಾನ ಹಾಳಾಗಬಾರದು, ಅಲ್ಲಿ ಕುಡಿಯುವವರು ಸೇರಬಾರದು ಎಂಬ ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಸಂಜೆ ಜನ ಓಡಾಡುತ್ತಿದ್ದರೆ ಅಂಥವರು ಬರುವುದು ಕಡಿಮೆಯಾಗುತ್ತದೆ. ಪಕ್ಕದ ಮನೆಯ ಅಕ್ಕನೂ ಹೇಳುತ್ತಿದ್ದಾರೆ, "ಮೈದಾನಕ್ಕಾದರೆ ನಾನೂ ಬರ್ತೇನೆ ಮಾರಾಯ್ತಿ, ರಸ್ತೆಗೆ ಬೇಡ."

ಜಿಲ್ಲೆಯ ಪಂಚಾಯತ್‌ಗಳು, ಶಾಲೆಗಳು ದಯವಿಟ್ಟು ಇದನ್ನು ಯೋಚಿಸಲಿ. ವಾರದಲ್ಲಿ ನಾಲ್ಕು ದಿನ, ಆರೂವರೆಯಿಂದ ಏಳೂವರೆಯವರೆಗೆ ಗೇಟು ತೆರೆದು ಒಂದೆರಡು ದೀಪ ಹಾಕಿದರೆ ಸಾಕು. ಓಟದ ಸ್ಪರ್ಧೆ ನಡೆಸುವವರಲ್ಲೂ ಒಂದು ವಿನಂತಿ: ಭಾನುವಾರ ಬೆಳಗಿನ ಜಾವಕ್ಕೇ ಇಡಬೇಡಿ, ಹೂವಿಗೂ ದನಕ್ಕೂ ಭಾನುವಾರ ಇಲ್ಲ. ವರ್ಷಕ್ಕೆ ಒಂದಾದರೂ ಸಂಜೆ ಇಡಿ, ನಾವೂ ಬರುತ್ತೇವೆ.

ಇನ್ನು, ನಮ್ಮೂರ ಶಾಲೆಯ ಗೇಟಿನ ಕೀಲಿ ಯಾರ ಹತ್ತಿರ ಇರಬೇಕು ಎಂಬುದೇ ತೊಡಕಾದರೆ, ನಮ್ಮ ಮನೆಯಿಂದ ಶಾಲೆಗೆ ಏಳು ಕಂಬ. ಕೀಲಿ ನಾನು ಇಟ್ಟುಕೊಳ್ಳುತ್ತೇನೆ. ಬೀಗವನ್ನೂ ನಾನೇ ಹಾಕಿ ಬರುತ್ತೇನೆ.

– ಒಬ್ಬ ಮಲ್ಲಿಗೆ ಬೆಳೆಗಾರ್ತಿ, ಕಾಪು ತಾಲೂಕು